ಸಾಲದ ವರದಿಯಲ್ಲಿ ಕುಳಿತ ಮುತ್ಯಾ

ನನ್ನ ಹೆಸರು ನನ್ನದಲ್ಲ, ಮುತ್ಯಾನದು. ನಮ್ಮ ಕಡೆ ಅಪ್ಪನ ಅಪ್ಪನಿಗೆ ಮುತ್ಯಾ ಅನ್ನುತ್ತೇವೆ, ಅವನ ಹೆಂಡತಿಗೆ ಆಯಿ. ಮುತ್ಯಾ ತೀರಿಕೊಂಡ ಮರುವರ್ಷ ನಾನು ಹುಟ್ಟಿದೆ. ಹುಟ್ಟಿದ್ದು ಗಂಡು ಅಂತ ತಿಳಿದ ಕೂಡಲೇ ಹೆಸರಿನ ಚರ್ಚೆ ಮುಗಿದುಹೋಯಿತು. ಅಪ್ಪನಿಗೂ ಹಾಗೇ ಅವನ ಮುತ್ಯಾನ ಹೆಸರು ಇಟ್ಟಿದ್ದರು. ಹೀಗಾಗಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಮನೆ, ಎಲ್ಲವೂ ಮುತ್ಯಾನಿಗೂ ನನಗೂ ಒಂದೇ. ಸತ್ತವನ ಅಂಗಿಯನ್ನು ಅಳತೆ ಕೂಡ ನೋಡದೆ ನನಗೆ ತೊಡಿಸಿದ್ದರು.

ತೊಡಿಸಿದ ಮೇಲೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಆಯಿಗೆ ಅದು ಗಂಡನ ಹೆಸರು, ಬಾಯಲ್ಲಿ ತರಬಾರದು. ಅವ್ವನಿಗೆ ಮಾವನ ಹೆಸರು, ಅವಳೂ ತರಬಾರದು. ಅಪ್ಪನಿಗೆ ಹೆತ್ತ ತಂದೆಯ ಹೆಸರು. ಅದನ್ನು ಹಿಡಿದು ಬೈಯಲು ಅವನಿಗೆ ಬಾಯಿ ಬರುತ್ತಿರಲಿಲ್ಲ, ಅವನು ನನ್ನನ್ನು ಕರೆಯುತ್ತಿದ್ದದ್ದೇ ಬೈಯಲಿಕ್ಕೆ, ಆದ್ದರಿಂದ 'ಲೇ' ಅಂದು ಕೆಲಸ ಮುಗಿಸುತ್ತಿದ್ದ. ಆಯಿ ಮಾತ್ರ ನಾನು ತೊಟ್ಟಿಲಲ್ಲಿದ್ದಾಗಿನಿಂದ 'ಯಜಮಾನ್ರ' ಅಂತಲೇ ಕರೆದಳು. ಯಜಮಾನರೇ ಮೂಗು ಒರೆಸಿಕೊಳ್ಳಿ, ಯಜಮಾನರೇ ಚಡ್ಡಿ ಏರಿಸಿಕೊಳ್ಳಿ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಸಾಲೆಗೆ ಹೋದ ಮೊದಲ ದಿನ ಮಾಸ್ತರರು ಹಾಜರಿ ಕೂಗಿದಾಗ ನಾನು ಸುಮ್ಮನೆ ಕುಳಿತಿದ್ದೆ. ಯಾವನೋ ಒಬ್ಬ ಬಂದಿಲ್ಲ, ಪಾಪ, ಅಂದುಕೊಂಡೆ.

ನಮ್ಮೂರು ಸವದತ್ತಿ ತಾಲೂಕಿನದು, ಆದರೆ ಬೈಲಹೊಂಗಲಕ್ಕೇ ಹತ್ತಿರ. ತೊಂಬತ್ತರ ದಶಕದ ಮೊದಲಲ್ಲಿ ಬೈಲಹೊಂಗಲದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿಕೊಂಡೆ. ಅದರ ಮಾಲೀಕರನ್ನು ಊರೆಲ್ಲ ಉಸ್ತಾದರು ಅನ್ನುತ್ತಿತ್ತು. ಮದುವೆ ಫೋಟೋ ಎಲ್ಲರೂ ತೆಗೆಯುತ್ತಿದ್ದರು. ಉಸ್ತಾದರ ಹೆಸರು ಇದ್ದದ್ದು ಸತ್ತವರ ಫೋಟೋಗೆ. ಹಳ್ಳಿಯಲ್ಲಿ ಹಿರಿಯರು ತೀರಿಕೊಂಡಿರುತ್ತಾರೆ, ಬದುಕಿದ್ದಾಗ ಒಂದೂ ಫೋಟೋ ತೆಗೆಸಿರುವುದಿಲ್ಲ, ಗೋಡೆಗೆ ತೂಗಹಾಕಲು ಏನೂ ಇಲ್ಲ. ಅಂಥವರು ಸತ್ತವನ ತಮ್ಮನನ್ನೋ ಮಗನನ್ನೋ, ಯಾರ ಮುಖ ಹೋಲುತ್ತದೋ ಅವನನ್ನು ಕರೆದುಕೊಂಡು ಬರುತ್ತಿದ್ದರು. ಉಸ್ತಾದರು ಅವನ ತಲೆಗೆ ಪಟಕ ಸುತ್ತಿಸಿ, ಮೀಸೆ ಬರೆದು, ಫೋಟೋ ತೆಗೆದು, ಆಮೇಲೆ ಕುಂಚ ಹಿಡಿದು ಕೂದಲಿಗೆ ಬಿಳಿ, ಕೆನ್ನೆಗೆ ಸುಕ್ಕು ಸೇರಿಸಿ ಸತ್ತವನನ್ನು ಎಬ್ಬಿಸಿ ಕೂರಿಸುತ್ತಿದ್ದರು. ಮನೆಯವರು ನೋಡಿ ಅಳುತ್ತಿದ್ದರು. ಅಳದಿದ್ದರೆ ಉಸ್ತಾದರು ಇನ್ನಷ್ಟು ತಿದ್ದುತ್ತಿದ್ದರು.

ಈ ವಿದ್ಯೆಯ ಸುದ್ದಿಯನ್ನು ನಾನೇ ಮನೆಯಲ್ಲಿ ಹೇಳಿದೆ. ಮರುವಾರ ಆಯಿ ಮುತ್ಯಾನ ಹಳೆ ಪಟಕ ಗಂಟು ಕಟ್ಟಿಕೊಂಡು ಬಸ್ಸಿಳಿದಳು. ನಾನು ಮುತ್ಯಾನ ತದ್ರೂಪ ಅಂತ ಊರಲ್ಲಿ ಹಿರಿಯರೆಲ್ಲ ಹೇಳುತ್ತಿದ್ದರು, ಆದ್ದರಿಂದ ಕ್ಯಾಮರಾದ ಮುಂದೆ ಕೂರುವ ಸರದಿ ನನ್ನದೇ ಆಯಿತು. ನಾನು ಮುತ್ಯಾನನ್ನು ನೋಡಿದವನಲ್ಲ. ಆಯಿ ಉಸ್ತಾದರ ಪಕ್ಕ ನಿಂತು ಪಟಕ ಇನ್ನೂ ಕೆಳಗೆ, ಗದ್ದ ಇನ್ನೂ ಮೇಲೆ ಅಂತ ಹೇಳುತ್ತ ಹೋದಳು. ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ," ಅಂದಳು ಆಯಿ. "ಇಂಜಿನ್ ಸಾಲ ತಗೊಂಡಾಗಿಂದ ಅವರು ನಗೂದು ಬಿಟ್ಟಿದ್ರು."

ಹೊಳೆಯ ನೀರು ಹೊಲಕ್ಕೆ ಎತ್ತಲು ಮುತ್ಯಾ ಸವದತ್ತಿಯ ಬ್ಯಾಂಕಿನಲ್ಲಿ ಸಾಲ ಮಾಡಿ ಡೀಸೆಲ್ ಇಂಜಿನ್ ತಂದಿದ್ದನಂತೆ. ಆ ಸಾಲದ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಫೋಟೋ ಸಿದ್ಧವಾದಾಗ ಆಯಿ ಅದರ ಮುಂದೆ ಸೆರಗು ಹೊದ್ದು ನಿಂತು, ಇವರೇ ಅಂದಳು. ಅವತ್ತಿನಿಂದ ನಮ್ಮ ಪಡಸಾಲೆಯಲ್ಲಿ ನನ್ನದೇ ಮುಖ ಮಾಲೆ ಹಾಕಿಸಿಕೊಂಡು ತೂಗುತ್ತಿತ್ತು. ಕೆಳಗೆ ನನ್ನದೇ ಹೆಸರು. ದಿನಾ ಬೆಳಿಗ್ಗೆ ನನಗೆ ಊದಿನಕಡ್ಡಿ ಬೆಳಗುತ್ತಿದ್ದರು, ಅದರ ಕೆಳಗೇ ಕುಳಿತು ನಾನು ರೊಟ್ಟಿ ತಿನ್ನುತ್ತಿದ್ದೆ.

ಅದಾಗಿ ವರ್ಷಗಳು ಕಳೆದವು. ರೀಲಿನ ಕಾಲ ಮುಗಿದು ಡಿಜಿಟಲ್ ಕ್ಯಾಮರಾ ಬಂತು. ಉಸ್ತಾದರ ಕೈ ನಡುಗತೊಡಗಿತು. ರಾಮದುರ್ಗದಲ್ಲಿದ್ದ ಮಗಳ ಮನೆಗೆ ಹೋಗಿ ಇರುತ್ತೇನೆ, ಅಂಗಡಿ ಮಾರುತ್ತೇನೆ ಅಂದರು. ಕಿತ್ತೂರಿನ ಒಬ್ಬ ಮೊಬೈಲು ವ್ಯಾಪಾರಿ ಆಗಲೇ ರೊಕ್ಕ ಹಿಡಿದು ನಿಂತಿದ್ದ. ಉಸ್ತಾದರು ನನ್ನನ್ನು ಡಾರ್ಕ್‌ರೂಮಿಗೆ ಕರೆದು ಹೇಳಿದರು: "ದೀಪಾವಳಿ ಪಾಡ್ಯಾದ ತನಕಾ ತಡೀತೇನಿ. ನೀ ತಗೊಂಡ್ರ ಇದು ಫೋಟೋ ಅಂಗಡಿಯಾಗಿ ಉಳೀತೈತಿ. ಅವ ತಗೊಂಡ್ರ ಈ ಖೋಲಿಯಾಗ ಚಾರ್ಜರ್ ತೂಗಹಾಕ್ತಾನ."

ಆ ಅಂಗಡಿ ಹೋದರೆ ನನಗೆ ಬೇರೆ ಕಸುಬಿರಲಿಲ್ಲ. ಹೊಲದ ಕೆಲಸಕ್ಕೆ ನಾನು ಕೆಲಸಕ್ಕೆ ಬಾರದವನು ಅಂತ ಅಪ್ಪ ಮೊದಲೇ ಸಾರಿಬಿಟ್ಟಿದ್ದ. ಬೈಲಹೊಂಗಲದ ಬ್ಯಾಂಕಿಗೆ ಹೋಗಿ ಸಾಲಕ್ಕೆ ಅರ್ಜಿ ಕೊಟ್ಟೆ. ಎದೆಯುಬ್ಬಿಸಿಕೊಂಡೇ ಹೋದೆ, ಯಾಕೆಂದರೆ ಆ ಬ್ಯಾಂಕಿನ ಅರ್ಧ ಸಾಲಗಾರರ ಅರ್ಜಿಯ ಮೇಲೆ ಅಂಟಿದ್ದ ಫೋಟೋ ನಾನು ತೆಗೆದದ್ದು.

ಅಲ್ಲಿಯ ಮ್ಯಾನೇಜರು ಕಂಪ್ಯೂಟರು ನೋಡುತ್ತ ನೋಡುತ್ತ ಮುಖ ಸಣ್ಣ ಮಾಡಿದರು. ಮುಂಬೈಯಲ್ಲಿ ಒಂದು ಕಂಪನಿ ಇದೆಯಂತೆ. ಯಾರು ಯಾವ ಬ್ಯಾಂಕಿನಲ್ಲಿ ಸಾಲ ತೆಗೆದರು, ತೀರಿಸಿದರೋ ಮುಳುಗಿಸಿದರೋ, ಎಲ್ಲವನ್ನೂ ಅದು ಬರೆದಿಡುತ್ತದಂತೆ. ಬ್ಯಾಂಕಿನವರು ಕೇಳಿದರೆ ವರದಿ ಕಳಿಸುತ್ತದೆ. ನನ್ನ ವರದಿ ಬಂದಿತ್ತು. ಸವದತ್ತಿಯ ಬ್ಯಾಂಕಿನಲ್ಲಿ ನಾನು ಡೀಸೆಲ್ ಇಂಜಿನ್ ಸಾಲ ಎತ್ತಿ, ಕಟ್ಟದೆ ಕೈಯೆತ್ತಿದ್ದೇನೆ ಅಂತ ಅದರಲ್ಲಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಇಂಜಿನ್ನಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಸ್ಕೂಟರನ್ನೇ ನಾಲ್ಕು ಜನ ತಳ್ಳಿ ಚಾಲೂ ಮಾಡಿಕೊಡಬೇಕು. ಮನೆಗೆ ಬಂದು ಕೂಗಾಡಿದಾಗ ಆಯಿ ಶೇಂಗಾ ಸುಲಿಯುತ್ತ, ಅದು ಅವರ ಇಂಜಿನ್ನು ಅಂತ ಮಾಲೆಯ ಫೋಟೋದ ಕಡೆ ಗದ್ದ ಎತ್ತಿದಳು. ಆಗ ತಿಳಿಯಿತು. ಹಳೆಯ ಸಾಲಗಳನ್ನು ಕಂಪ್ಯೂಟರಿಗೆ ಏರಿಸುವಾಗ ಮುತ್ಯಾನದೂ ಏರಿದೆ, ಸಾಲ ತೆಗೆದ ತಾರೀಖಿನ ಜಾಗದಲ್ಲಿ ಕಂಪ್ಯೂಟರು ಬಂದ ತಾರೀಖು ಕುಳಿತಿದೆ. ಹೆಸರು, ತಂದೆಯ ಹೆಸರು, ಊರು, ಮನೆ, ಎಲ್ಲ ಕೂಡಿ ಬಂದಿದ್ದಕ್ಕೆ ಮುಂಬೈಯವರು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿದ್ದಾರೆ. ಅವರದಾದರೂ ಏನು ತಪ್ಪು, ನಮ್ಮ ಮನೆಯವರೂ ಅದನ್ನೇ ಮಾಡಿದ್ದರಲ್ಲ.

ಮುಂಬೈಗೆ ತಕರಾರು ಬರೆದೆ. ಈ ಸಾಲ ನನ್ನದಲ್ಲ, ಇದನ್ನು ತೆಗೆದಾಗ ನಾನು ಹುಟ್ಟಿಯೇ ಇರಲಿಲ್ಲ ಅಂತ ಬರೆದು, ನನ್ನ ಪಾಸ್‌ಪೋರ್ಟ್ ಅಳತೆಯ ಫೋಟೋ ಅಂಟಿಸಿ ಕಳಿಸಿದೆ. ಒಳ್ಳೆಯ ಫೋಟೋ, ನಾನೇ ತೆಗೆದುಕೊಂಡದ್ದು. ಮುಂಬೈಯವರು ಅದನ್ನು ಸವದತ್ತಿಯ ಬ್ಯಾಂಕಿಗೆ ಕಳಿಸಿ, ನಿಜವೇನು ನೋಡಿ ಹೇಳಿ ಅಂದರು. ಬ್ಯಾಂಕು ಒಬ್ಬ ಅಧಿಕಾರಿಯನ್ನು ನಮ್ಮೂರಿಗೆ ಅಟ್ಟಿತು.

ಅವತ್ತು ಮನೆಯಲ್ಲಿದ್ದವಳು ಆಯಿ ಒಬ್ಬಳೇ. ಸಂಜೆ ನಾನು ಬಂದಾಗ ಅವಳಿಗೆ ಭಾರಿ ಖುಷಿ. ಬ್ಯಾಂಕಿನವರು ಬಂದಿದ್ದರು, ಎಷ್ಟು ಸಂಭಾವಿತ ಮನುಷ್ಯ ಅಂತೀರಿ, ಚಹಾ ಕುಡಿಯಲಿಕ್ಕೂ ಸಂಕೋಚ ಅಂತ ಶುರು ಮಾಡಿದಳು. ಏನು ಕೇಳಿದರು ಅಂದೆ. ಅವನು ಮುತ್ಯಾನ ಹೆಸರು ಹಿಡಿದು, ಇದ್ದಾರೇನ್ರಿ ಅಂತ ಕೇಳಿದನಂತೆ. ಆಯಿಯ ಲೆಕ್ಕದಲ್ಲಿ ಆ ಹೆಸರಿನ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ, ನಾನು ಬರೀ 'ಯಜಮಾನ್ರ'. "ಹೋಗಿ ಭಾಳ ದಿನಾ ಆತ್ರಿ, ಅಲ್ಲೆ ಗ್ವಾಡಿ ಮ್ಯಾಲ ಅದಾರ ನೋಡ್ರಿ," ಅಂದಳಂತೆ. ಅವನು ಫೋಟೋ ನೋಡಿ, ಕೈಯಲ್ಲಿದ್ದ ಕಾಗದದ ಮೇಲಿನ ಫೋಟೋ ನೋಡಿ, ಮತ್ತೆ ಗೋಡೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದು ಹೋದನಂತೆ.

ಅವನು ಏನು ಬರೆದು ಕಳಿಸುತ್ತಾನೆ ಅಂತ ಆಗಲೇ ಊಹಿಸಿದೆ. ಸುಳ್ಳಾಗಲಿಲ್ಲ. ಎರಡನೇ ವರದಿ ಬಂದಾಗ ಬೈಲಹೊಂಗಲದ ಮ್ಯಾನೇಜರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಇಂಜಿನ್ ಸಾಲ ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ, ಸಾಲಗಾರ ತೀರಿಕೊಂಡಿದ್ದಾನೆ ಅಂತ ಹೊಸದಾಗಿ ಸೇರಿತ್ತು.

"ನಾ ನಿಮ್ಮ ಮುಂದ ಕುಂತೇನಲ್ರಿ," ಅಂದೆ.

"ಕುಂತೀರಿ, ಖರೆ," ಅಂದರು ಮ್ಯಾನೇಜರು. "ಆದ್ರ ಕಂಪ್ಯೂಟರಿನ್ಯಾಗ ಇಲ್ರಿ. ಸಾಲ ಮುಳುಗಿಸಿದವರಿಗೆ ಹೆಂಗರ ಹೊಂದಿಸಿ ಕೊಡಬಹುದು. ಸತ್ತವರಿಗೆ ಹೆಂಗ ಕೊಡ್ಲಿ?"

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ದೀಪಾವಳಿ ಹತ್ತಿರ ಬಂದಿತ್ತು, ಕಿತ್ತೂರಿನವನು ಅಂಗಡಿಯ ಗೋಡೆ ಅಳೆದು ಹೋಗಿದ್ದ.

ಮರುದಿನವೇ ಆಯಿಯನ್ನು ಕರೆದುಕೊಂಡು, ಮಾಲೆಯ ಸಮೇತ ಫೋಟೋ ಬಗಲಲ್ಲಿ ಹಿಡಿದುಕೊಂಡು ಸವದತ್ತಿಯ ಬಸ್ಸು ಹತ್ತಿದೆ. ಟವೆಲ್ಲು ಸುತ್ತಿದ್ದೆ, ಆದರೆ ನಮ್ಮ ರಸ್ತೆಯ ಕುಣಿತಕ್ಕೆ ಯಾವ ಟವೆಲ್ಲು ನಿಲ್ಲುತ್ತದೆ. ಅದು ಜಾರಿದ ಮೇಲೆ ಎದುರಿನ ಸೀಟಿನ ಹೆಂಗಸು ಫೋಟೋ ನೋಡಿ ಆಯಿಗೆ ಸಮಾಧಾನ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ನನ್ನ ಮುಖಕ್ಕೆ ಬಂತು. ಮುಂದಿನ ಸ್ಟಾಪಿನಲ್ಲಿ ಎದ್ದು ಡ್ರೈವರನ ಹಿಂದೆ ಹೋಗಿ ಕುಳಿತಳು.

ಸವದತ್ತಿಯ ಬ್ಯಾಂಕಿನಲ್ಲೂ ಅದೇ ಕಥೆ. ಮನೆಗೆ ಬಂದಿದ್ದ ಸಂಭಾವಿತ ಅಧಿಕಾರಿ ಬಾಗಿಲ ಹತ್ತಿರವೇ ಕುಳಿತಿದ್ದ. ತಾನು ಕೈಮುಗಿದು ಬಂದ ಮನುಷ್ಯ ತನ್ನದೇ ಮಾಲೆಯ ಫೋಟೋ ಹೊತ್ತುಕೊಂಡು ಒಳಗೆ ಬರುವುದನ್ನು ಕಂಡು ಎದ್ದು ನಿಂತ. ನಾನು ಬೇಕಂತಲೇ ಫೋಟೋವನ್ನು ನನ್ನ ಮುಖದ ಪಕ್ಕಕ್ಕೆ ಹಿಡಿದು ಅವನಿಗೆ ನಮಸ್ಕಾರ ಮಾಡಿದೆ. ಅಷ್ಟು ಕಿಡಿಗೇಡಿತನದ ಹಕ್ಕು ನನಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅಲ್ಲಿಯ ಮ್ಯಾನೇಜರು ನಿವೃತ್ತಿಯ ಅಂಚಿನಲ್ಲಿದ್ದ ನಿಧಾನದ ಮನುಷ್ಯ. ಕಥೆ ಕೇಳಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಸುಲಭದ ದಾರಿ ಹೇಳಿದರು. ಸಾಲ ತೆಗೆದವನು ತನ್ನ ಗಂಡ, ಅವನು ತೀರಿಕೊಂಡಿದ್ದಾನೆ, ಮೊಮ್ಮಗ ಬೇರೆ ಅಂತ ಆಯಿ ಹೇಳಿ ಹೆಬ್ಬೆಟ್ಟು ಒತ್ತಿದರೆ ಸಾಕು, ನನ್ನ ಹೆಸರು ಚೊಕ್ಕವಾಗುತ್ತದೆ. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ ಇತ್ತು.

ಆಯಿ ಕೇಳಿದಳು, ಸಾಲ ಮುಟ್ಟಿಲ್ಲ ಅಂತ ಇದೆಯಲ್ಲ, ಅದನ್ನೇನು ಮಾಡುತ್ತೀರಿ? ಅದು ಹಾಗೇ ಇರುತ್ತದೆ, ಸತ್ತವರನ್ನು ಯಾರೂ ಕೇಳಲಿಕ್ಕೆ ಬರುವುದಿಲ್ಲ, ನೀವು ಚಿಂತೆ ಮಾಡಬೇಡಿ ಅಂದರು ಮ್ಯಾನೇಜರು. ಆಯಿ ಹೆಬ್ಬೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವರು ಸಾಲ ಹರಿದಿದ್ದಾರೆ, ಪೈಸೆ ಬಿಡದೆ ತೀರಿಸಿದ್ದಾರೆ, ಹೋಳಿಹುಣ್ಣಿವೆಯ ಹಿಂದಿನ ದಿನ ಹತ್ತಿ ಮಾರಿ ಇಲ್ಲಿಗೇ ಬಂದು ಹರಿದಿದ್ದಾರೆ ಅಂದಳು.

ನಾನು ಆಯಿಯ ಮೊಳಕೈ ಹಿಂಡಿದೆ. ಈಗ ಜಗಳ ತೆಗೆಯಬೇಡ, ಪಾಡ್ಯ ಬಂತು, ನನ್ನ ಅಂಗಡಿ ಹೋಗುತ್ತದೆ ಅಂತ ಕಿವಿಯಲ್ಲಿ ಹೇಳಿದೆ. ಅವಳು ಮೆಲ್ಲಗೆ ಹೇಳಲಿಲ್ಲ, ಇಡೀ ಬ್ಯಾಂಕಿಗೆ ಕೇಳುವಂತೆ ಹೇಳಿದಳು.

"ಅಂಗಡಿ ಹೋದ್ರ ಹೋಗಲಿ ಯಜಮಾನ್ರ. ನಿಮ್ಮಿಬ್ಬರಿಗೂ ಕೂಡಿ ಹೆಸರು ಒಂದಽ ಐತಿ. ಅವರ ಮ್ಯಾಲ ಹೊಲಸು ಬಿಟ್ಟು ನಿಮ್ಮನ್ನಷ್ಟ ಹೆಂಗ ತೊಳೀತಾರ ಇವರು?"

ಆ ಕ್ಷಣದಲ್ಲಿ ಆಯಿಯ ಮೇಲೆ ನನಗೆ ಬಂದ ಸಿಟ್ಟು ಯಾರ ಮೇಲೂ ಬಂದಿಲ್ಲ. ಸತ್ತವನ ಮಾನಕ್ಕಾಗಿ ಬದುಕಿದವನ ಅಂಗಡಿ ಕಳೆಯುತ್ತಾಳಲ್ಲ ಅನ್ನಿಸಿತು. ಆದರೆ ಅವಳು ಅವತ್ತಿನ ದಿನವನ್ನು ಹೇಳುತ್ತ ಹೋದಳು. ಸಂಜೆ ಮುತ್ಯಾ ಮನೆಗೆ ಬಂದಾಗ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದನಂತೆ. ಇನ್ನು ನಮಗೆ ಯಾರ ಭಿಡೆಯೂ ಇಲ್ಲ, ಮುಂದಿನ ಸಲ ಸವದತ್ತಿಗೆ ಹೋದಾಗ ಇಬ್ಬರೂ ಜೋಡಿ ಫೋಟೋ ತೆಗೆಸೋಣ ಅಂದನಂತೆ. ಆ ಮಳೆಗಾಲಕ್ಕೆ ಮುಂಚೆಯೇ ಹೋಗಿಬಿಟ್ಟ. ಜೋಡಿ ಫೋಟೋದ ಮಾತನ್ನು ಅವಳು ನಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಅವಳ ಮೊಳಕೈ ಬಿಟ್ಟೆ.

ಮ್ಯಾನೇಜರು ನಗುವುದನ್ನು ನಿಲ್ಲಿಸಿದ್ದರು. ಹಳೆಯ ಕಟ್ಟುಗಳನ್ನು ಹುಡುಕಿಸುತ್ತೇನೆ, ಆದರೆ ಯಾರ ಸಾಲ ಅಂತ ನೀವು ನಿಮ್ಮ ಬಾಯಿಂದ ಹೇಳಬೇಕು, ನಾನು ಬರೆದುಕೊಳ್ಳಬೇಕು, ನಿಮ್ಮ ಯಜಮಾನರ ಹೆಸರು ಹೇಳಿ ಅಂದರು. ಆಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಬ್ಯಾಂಕಿನಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ನಾನು ಹೇಳಲೇನ್ರಿ ಅಂದೆ. ನಿಮ್ಮ ಹೆಸರು ನನಗೆ ಗೊತ್ತಿದೆ ಅಂದರು ಮ್ಯಾನೇಜರು.

ರೊಕ್ಕ ಎಣಿಸುತ್ತಿದ್ದ ಹೆಣ್ಣುಮಗಳು ಕಿಂಡಿಯಿಂದಲೇ, "ಆಯೀ, ಒಡಪು ಹಚ್ಚಿ ಹೇಳ್ರಿ," ಅಂದಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ. ಮದುವೆ, ತೊಟ್ಟಿಲಿನಂಥ ದಿನಗಳಲ್ಲಿ ಗೆಳತಿಯರು ಹಟ ಹಿಡಿದರೆ ಪ್ರಾಸ ಕಟ್ಟಿ, ಅದರ ಕೊನೆಗೆ ಹೆಸರನ್ನು ಜಾರಿಸುತ್ತಾರೆ. ಅದೇ ಒಡಪು. ಆಯಿ ತಲೆ ಅಲ್ಲಾಡಿಸಿದಳು. ಅದನ್ನು ಹೇಳುವ ಹೊತ್ತು ಎಂದೋ ಮುಗಿಯಿತು ತಂಗಿ, ಕುಂಕುಮ ಇದ್ದವರು ಹೇಳುವುದು ಅದು ಅಂದಳು. ಸ್ವಲ್ಪ ಹೊತ್ತು ಫೋಟೋವನ್ನೇ ನೋಡಿದಳು. ಆಮೇಲೆ ಸೆರಗನ್ನು ಹಣೆಯ ತನಕ ಎಳೆದುಕೊಂಡು, ನೆಲ ನೋಡುತ್ತ ಹೇಳಿದಳು:

"ಹೊಳಿಯ ನೀರು ಹೊಲಕ್ಕ ತಂದಾರ,
ಬ್ಯಾಂಕಿನ ಸಾಲ ಹರಕೊಂಡು ಬಂದಾರ,
ಜೋಡಿ ಫೋಟೋ ತಗಸೂಣು ಅಂದಾರ..."

ಕೊನೆಗೆ ಹೆಸರು ಹೇಳಿದಳು. ಹುಟ್ಟಿದಾಗಿನಿಂದ ಹೊತ್ತುಕೊಂಡು ತಿರುಗಿದ ಹೆಸರು, ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಅದು ಅಷ್ಟು ಚಂದ ಇದೆ ಅಂತ ನನಗೆ ಗೊತ್ತಿರಲಿಲ್ಲ. ಕಿಂಡಿಯ ಹೆಣ್ಣುಮಗಳು ಎಣಿಸಿದ ರೊಕ್ಕ ಮರೆತು ಮತ್ತೆ ಮೊದಲಿನಿಂದ ಎಣಿಸಿದಳು.

ಹಿಂದಿನ ಕೋಣೆಯ ಧೂಳಿನಲ್ಲಿ ಹುಡುಕುವ ಕೆಲಸ ಸಂಭಾವಿತ ಅಧಿಕಾರಿಯ ಕೊರಳಿಗೇ ಬಿತ್ತು. ನನ್ನನ್ನು ಕೊಂದವನು ಅವನೇ ತಾನೆ. ಹೋಳಿಯ ಗುರುತು ಹಿಡಿದು ಹುಡುಕಿ, ಜೇಡರ ಬಲೆ ಮೆತ್ತಿಕೊಂಡು ಹೊರಬಂದು, ಸಾಲ ಮುಟ್ಟಿದೆ ಅಂದ. ಆಯಿ ಹೇಳಿದ್ದು ನಿಜವಾಗಿತ್ತು. ಕಂಪ್ಯೂಟರಿಗೆ ಏರಿಸುವಾಗ ಕಡೆಯ ಜಮೆಯನ್ನು ಬಿಟ್ಟಿದ್ದರು. ಮ್ಯಾನೇಜರು ಮುಂಬೈಗೆ ಎರಡೂ ಬರೆದರು: ಸಾಲ ಮೊಮ್ಮಗನದಲ್ಲ, ಮತ್ತು ಮುತ್ಯಾನ ಸಾಲ ಪೂರ್ತಿ ತೀರಿದೆ. ಆಗ ಆಯಿ ಹೆಬ್ಬೆಟ್ಟು ಹೊರಗೆ ತೆಗೆದಳು.

ಆದರೆ ಮುಂಬೈಗೆ ಪಾಡ್ಯ ಗೊತ್ತಿಲ್ಲವಲ್ಲ. ಪಾಡ್ಯ ಬಂತು, ವರದಿ ಬರಲಿಲ್ಲ. ಕಿತ್ತೂರಿನವನು ಮಾತ್ರ ಹೊತ್ತಿಗೆ ಸರಿಯಾಗಿ ಬಂದ. ನಾನು ಮುಖ ತೋರಿಸಲಾಗದೆ ಡಾರ್ಕ್‌ರೂಮಿನಲ್ಲಿ ಕುಳಿತಿದ್ದೆ. ಉಸ್ತಾದರು ಅವನಿಗೆ ಚಹಾ ತರಿಸಿ, ದೊಡ್ಡ ಉಸಿರು ಬಿಟ್ಟು, ನಾನು ಸವದತ್ತಿಯಿಂದ ತಂದು ಕೌಂಟರಿನ ಮೇಲೆ ಬಿಟ್ಟಿದ್ದ ಮಾಲೆಯ ಫೋಟೋ ತೋರಿಸಿದರು.

"ನಮ್ಮ ಹುಡುಗ ಹೋದ್ರಿ," ಅಂದರು. "ಬ್ಯಾಂಕಿನ ಕಂಪ್ಯೂಟರಿನ್ಯಾಗೂ ಬಂದೈತಿ. ನಲವತ್ತು ದಿನಾ ಆಗೂತನಕಾ ನಾ ಅಂಗಡಿ ಮಾತು ಆಡಂಗಿಲ್ಲ."

ಕಿತ್ತೂರಿನವನು ನನ್ನನ್ನು ಎರಡು ಸಲ ನೋಡಿದವನು. ಫೋಟೋ ನೋಡಿ, ಇಷ್ಟು ಬೇಗ ಕೂದಲು ಬೆಳ್ಳಗಾಗಿತ್ತಲ್ಲ, ಸಾಲದ ಚಿಂತೆ ಇರಬೇಕು ಪಾಪ ಅಂದ. ಕೈಮುಗಿದು ಹೋದ. ನಾನು ಒಳಗೆ ಟವೆಲ್ಲು ಕಚ್ಚಿಕೊಂಡು ಕುಳಿತಿದ್ದೆ. ಒಂದು ಸುಳ್ಳೂ ಹೇಳಲಿಲ್ಲ ನೋಡು ಅಂತ ಉಸ್ತಾದರು ಆಮೇಲೆ ಬಹಳ ದಿನ ಬೀಗಿದರು.

ಆ ನಲವತ್ತು ದಿನ ಮುಗಿಯುವ ಮೊದಲೇ ಹೊಸ ವರದಿ ಬಂತು. ಇಂಜಿನ್ನೂ ಇಲ್ಲ, ಸಾವೂ ಇಲ್ಲ. ಬೈಲಹೊಂಗಲದ ಮ್ಯಾನೇಜರು ನನ್ನ ಕೈ ಕುಲುಕಿ, ಹುಟ್ಟಿದ್ದಕ್ಕೆ ಶುಭಾಶಯ ಅಂದರು. ಸಾಲ ಸಿಕ್ಕಿತು, ಅಂಗಡಿ ನನ್ನದಾಯಿತು.

ಉಸ್ತಾದರು ರಾಮದುರ್ಗಕ್ಕೆ ಹೊರಡುವ ಹಿಂದಿನ ದಿನ ಆಯಿ ಬಸ್ಸಿಳಿದಳು. ಕೈಯಲ್ಲಿ ಅದೇ ಪಟಕದ ಗಂಟು. ನನಗೆ ಕೊಟ್ಟು, ಸುತ್ತಿಕೊಳ್ಳಿ ಅಂದಳು. ಉಸ್ತಾದರು ಮೀಸೆ ಬರೆದರು, ಹಳೆಯ ಕ್ಯಾಮರಾಕ್ಕೆ ಉಳಿದಿದ್ದ ರೀಲು ಹಾಕಿದರು. ಎರಡು ಕುರ್ಚಿ ಹಾಕಿದೆ. ಆಯಿ ನನ್ನ ಪಕ್ಕ ಕುಳಿತು, ಪಟಕವನ್ನು ತಾನೇ ಒಂದಿಷ್ಟು ಕೆಳಗೆ ಎಳೆದಳು. ಮುತ್ಯಾ ನಗುತ್ತಿರಲಿಲ್ಲ ಅನ್ನುವುದು ನನಗೆ ನೆನಪಿತ್ತು, ತುಟಿ ಬಿಗಿದು ಗದ್ದ ಮೇಲೆತ್ತಿ ಕುಳಿತೆ. ಉಸ್ತಾದರು ತಯಾರು ಅಂದರು.

ಆಯಿ ನನ್ನ ಮೊಣಕಾಲಿಗೆ ತಿವಿದಳು. ಒಡಪಿಲ್ಲ, 'ಯಜಮಾನ್ರ' ಅನ್ನಲಿಲ್ಲ, ನೇರವಾಗಿ ಹೆಸರು ಹಿಡಿದು ಕರೆದಳು.

"ಈಗರ ನಗ್ರಿ," ಅಂದಳು. "ಸಾಲ ಹರದೈತಲ್ಲ."